ಓದೋ, ಓಟವೋ

ಕನ್ನಡಕದಕ್ಕನ ಕುರ್ಚಿಯಲ್ಲಿ ಕೂತವರೆಲ್ಲ ಒಂದೇ ತಪ್ಪು ಮಾಡುತ್ತಿದ್ದರು. ಕಣ್ಣು ತೋರಿಸಿಕೊಳ್ಳಲು ಬಂದವರು ಪರೀಕ್ಷೆ ಬರೆಯಲು ಬಂದವರ ಹಾಗೆ ಹೆದರಿ ಕೂರುತ್ತಿದ್ದರು. ಹೊರಗೆ ಹತ್ತು ಜನರನ್ನು ಗದರಿಸಿಕೊಂಡು ತಿರುಗುವ ದೊಡ್ಡ ದೊಡ್ಡ ಮನುಷ್ಯರು ಕೂಡ, ಆ ದುಂಡನೆಯ ಭಾರದ ಫ್ರೇಮು ಮೂಗಿನ ಮೇಲೆ ಏರಿದ ಕೂಡಲೇ ಬೆಕ್ಕಿನ ಮರಿಯಾಗಿಬಿಡುತ್ತಿದ್ದರು. ಅವಳು ಫ್ರೇಮಿಗೆ ಒಂದು ಗಾಜು ಹಿಡಿದು "ಒಂದಾ?" ಎನ್ನುವಳು, ಅದನ್ನು ಮಗುಚಿ "ಎರಡಾ?" ಎನ್ನುವಳು. ಗೋಡೆಯ ಹಲಗೆಯ ಮೇಲಿನ ಅಕ್ಷರ ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದಷ್ಟೇ ಪ್ರಶ್ನೆ. ಅಷ್ಟಕ್ಕೇ ಅವರು ಗಂಟಲು ಸರಿಮಾಡಿಕೊಂಡು, "ಯಾವುದು ಸರಿ ಉತ್ತರ ಅಕ್ಕ?" ಎಂದು ಪಿಸುಗುಟ್ಟುತ್ತಿದ್ದರು.

"ಇದ್ರಲ್ಲಿ ಪಾಸು ಫೇಲು ಏನೂ ಇಲ್ಲ. ಕಂಡಿದ್ದು ಹೇಳಿ. ಕೂತವ್ರೇ ಹೇಳ್ಬೇಕು, ನಾನು ಹೇಳೋ ಹಾಗಿಲ್ಲ" ಎಂದು ಅವಳು ದಿನಕ್ಕೆಷ್ಟು ಸಲ ಹೇಳುತ್ತಿದ್ದಳೋ ಲೆಕ್ಕವಿಲ್ಲ.

ಅದಕ್ಕೇ ಅವಳು ಯಾವತ್ತೂ ಕುರ್ಚಿಯ ಹಿಂದೆ ನಿಲ್ಲುತ್ತಿದ್ದಳು. ಎದುರಿಗೆ ನಿಂತರೆ ಮುಗಿಯಿತು, ಜನ ಹಲಗೆ ಬಿಟ್ಟು ಅವಳ ಮುಖ ಓದಲು ಶುರುಮಾಡುತ್ತಾರೆ. ಹುಬ್ಬು ಕೊಂಚ ಏರಿದರೆ ಎರಡು ಎನ್ನುತ್ತಾರೆ, ತುಟಿ ಕೊಂಚ ಬಿಗಿದರೆ ಇಲ್ಲ ಇಲ್ಲ, ಒಂದೇ ಎನ್ನುತ್ತಾರೆ. ಹೀಗೆ ಮುಖ ನೋಡಿ ಹೇಳಿದ ನಂಬರಿನ ಕನ್ನಡಕ ಹಾಕಿಕೊಂಡು ಮೆಟ್ಟಿಲು ಎಡವಿದಾಗ ಬೈಯುವುದು ಮತ್ತೆ ಅವಳನ್ನೇ. ಇನ್ನೊಂದು ಮಜವಿತ್ತು. ಕೊನೆಕೊನೆಗೆ ಎರಡರಲ್ಲೂ ಅಕ್ಷರ ಒಂದೇ ಸಮ ಕಾಣತೊಡಗಿದಾಗ ಜನ ಬೆವತುಹೋಗುತ್ತಿದ್ದರು. ಎಲ್ಲೋ ಎಡವಟ್ಟು ಮಾಡಿಕೊಂಡೆವೆಂದು, ಕಳ್ಳತನ ಒಪ್ಪಿಕೊಳ್ಳುವ ದನಿಯಲ್ಲಿ, "ಎರಡೂ ಒಂದೇ ಥರ ಇದೆ ಅಕ್ಕ" ಎನ್ನುತ್ತಿದ್ದರು. ಅವಳು ಕಾಯುತ್ತಿದ್ದುದೇ ಆ ಮಾತಿಗೆ. "ಹಾಗಾದ್ರೆ ಮುಗೀತು!" ಎಂದು ಕುರ್ಚಿಯ ಬೆನ್ನಿಗೆ ಪಟ್ಟನೆ ತಟ್ಟುತ್ತಿದ್ದಳು. ಎರಡೂ ಒಂದೇ ಎನ್ನಿಸಿತೆಂದರೆ ಸರಿಯಾದ ನಂಬರು ಸಿಕ್ಕಿತೆಂದೇ ಅರ್ಥ.

ಇಷ್ಟೆಲ್ಲ ಬಲ್ಲವಳು ಆ ವಾರ ಮಾತ್ರ ತನ್ನ ಮನೆಯ ಒಂದಾ-ಎರಡಾದಲ್ಲಿ ಸಿಕ್ಕಿಬಿದ್ದು ತಲೆ ಚಿಟ್ಟು ಹಿಡಿಸಿಕೊಂಡಿದ್ದಳು.

ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಪರದೆ, ಅದರ ಪಕ್ಕದಲ್ಲಿ ಗಂಡ ಗಾಜು ಉಜ್ಜುವ ಕಲ್ಲಿನ ಚಕ್ರ. ಮನೆಯಲ್ಲಿ ಇದ್ದವರು ನಾಲ್ಕೇ ಜನ: ಕನ್ನಡಕದಕ್ಕ, ಅವಳ ಗಂಡ, ಕಿವಿ ಮಂದವಾದ ಅತ್ತೆ, ಮತ್ತೆ ಒಬ್ಬಳೇ ಮಗಳು. ಮಗಳ ಹೆಸರು ಏನೇ ಇರಲಿ, ಕರೆಯುತ್ತಿದ್ದುದು ಪಿಳಿ ಎಂದು. ಹಸುಗೂಸಾಗಿದ್ದಾಗಿನಿಂದ ಪಿಳಿಪಿಳಿ ಕಣ್ಣು ಬಿಟ್ಟು ನೋಡುತ್ತಿದ್ದಳು, ದೊಡ್ಡವಳಾದರೂ ಆ ಪಿಳಿಪಿಳಿ ಹೋಗಲಿಲ್ಲ, ಹೆಸರೂ ಹೋಗಲಿಲ್ಲ. ಪಿಳಿಗೆ ಕಾನೂನು ಓದಬೇಕು. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಮಾತು ಕಲಿತ ವರ್ಷವೇ, ಮಕ್ಕಳು ಬೇಗ ಮಲಗಬೇಕು ಎಂದು ನಿಯಮ ಮಾಡಿದವರು ಯಾರು, ಅವರನ್ನು ಕರೆಸಿ ಎಂದು ಹಟ ಹಿಡಿದವಳು ಅವಳು.

ಕಾನೂನು ಕಾಲೇಜಿಗೆ ಸೇರಲು ಎರಡು ಪ್ರವೇಶ ಪರೀಕ್ಷೆಗಳಿದ್ದವು. ಕಾಲೇಜಿನವರು ಯಾವುದನ್ನಾದರೂ ಒಪ್ಪುತ್ತಾರೆ. ಆದರೆ ಎರಡೂ ಒಂದೇ ದಿನ, ಒಂದೇ ಹೊತ್ತಿಗೆ. ಯಾವುದಾದರೂ ಒಂದಕ್ಕೆ ಮಾತ್ರ ಹೆಸರು ಕೊಡಬೇಕು. ಒಂದರಲ್ಲಿ ಉದ್ದುದ್ದ ಬರಹಗಳು, ಓದಿ ಅರ್ಥ ಮಾಡಿಕೊಂಡು ಉತ್ತರಿಸಬೇಕು, ಸಮಯ ಧಾರಾಳ. ಇನ್ನೊಂದರಲ್ಲಿ ಪುಟ್ಟ ಪುಟ್ಟ ಪ್ರಶ್ನೆಗಳ ಮಳೆ, ತಲೆ ಎತ್ತಲು ಪುರುಸೊತ್ತಿಲ್ಲ. ಅವುಗಳ ನಿಜವಾದ ಹೆಸರು ಹೇಳಲು ನಾಲಿಗೆ ತಿರುಗದೆ ಮನೆಯವರು ಮೊದಲನೆಯದಕ್ಕೆ ಓದು ಎಂದೂ ಎರಡನೆಯದಕ್ಕೆ ಓಟ ಎಂದೂ ಹೆಸರಿಟ್ಟುಕೊಂಡರು. ಓದೋ ಓಟವೋ ಎಂಬುದು ಆ ಮನೆಯಲ್ಲಿ ಬೆಳಗಿನ ಚಹಾದಿಂದ ಹಿಡಿದು ರಾತ್ರಿ ಪಾತ್ರೆ ಬೋರಲು ಹಾಕುವವರೆಗೂ ನಡೆಯುವ ಜಗಳವಾಯಿತು.

"ಓಟಾನೇ ಬರೀಲಿ. ತಲೆನೋವಾದ್ರೂ ಬೇಗ ಮುಗಿಯತ್ತೆ" ಎಂದು ಗಂಡ ಚಕ್ರ ನಿಲ್ಲಿಸದೆಯೇ ಕೂಗುತ್ತಿದ್ದ.

"ವಕೀಲಿ ಮಾಡೋಳು ಓದಕ್ಕೆ ಹೆದ್ರಿದ್ರೆ ಆಗತ್ತೇನ್ರೀ?" ಎಂದು ಹೆಂಡತಿ ಇತ್ತಲಿಂದ ಕೂಗುತ್ತಿದ್ದಳು.

ಅತ್ತೆಗೆ ಓದು ಕೇಳಿಸುತ್ತಿರಲಿಲ್ಲ, ಓಟ ಮಾತ್ರ ಕೇಳಿಸುತ್ತಿತ್ತು. ಮೊಮ್ಮಗಳು ಓಟದ ಪಂದ್ಯಕ್ಕೆ ಹೋಗುತ್ತಾಳೆಂದೇ ಅವರು ನಂಬಿದ್ದರು. ದಿನಾ ಬೆಳಿಗ್ಗೆ ಬೇಯಿಸಿದ ಮೊಟ್ಟೆ ತಂದಿಟ್ಟು, "ತಿನ್ನೇ, ಮಂಡಿಗೆ ಶಕ್ತಿ ಬರ್ಲಿ. ಇಷ್ಟು ಹೊತ್ತು ಕೂತೇ ಇದ್ರೆ ಓಡೋದು ಹ್ಯಾಗೆ?" ಎನ್ನುತ್ತಿದ್ದರು. ಪಿಳಿ ಒಂದೆರಡು ಸಲ ತಿಳಿಹೇಳಿ ಸೋತು, ಮೊಟ್ಟೆ ತಿಂದು ಮಂಡಿ ಅಲ್ಲಾಡಿಸಿ ತೋರಿಸಲು ಕಲಿತಳು.

ನಗುವೆಲ್ಲ ಊಟದ ಮೇಜಿನವರೆಗೆ. ಮಾದರಿ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡು ಕೂತರೆ ಪಿಳಿಯ ಮುಖ ಸಣ್ಣಗಾಗುತ್ತಿತ್ತು. ಓದಿನ ಪತ್ರಿಕೆಯಲ್ಲಿ ಮೊದಲ ಬರಹಕ್ಕೆ ಚೆನ್ನಾಗಿಯೇ ಉತ್ತರಿಸುವಳು, ಎರಡನೆಯದಕ್ಕೆ ಹಣೆ ಒತ್ತಿಕೊಳ್ಳುವಳು, ಮೂರನೆಯದಕ್ಕೆ ಬರುವಷ್ಟರಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತ ಕೂರುವಳು. ಕೊನೆಯ ಬರಹದ ಮುಖವನ್ನೇ ಅವಳು ನೋಡಿರಲಿಲ್ಲ. ಓಟದ ಪತ್ರಿಕೆಯಲ್ಲಿ ತಲೆನೋವು ಬರುವ ಮೊದಲೇ ಸಮಯ ಮುಗಿಯುತ್ತಿತ್ತು, ಅಷ್ಟೇ ವ್ಯತ್ಯಾಸ. ಎರಡರಲ್ಲೂ ಬರುತ್ತಿದ್ದ ಅಂಕ ಕಾನೂನು ಕಾಲೇಜಿನ ಬಾಗಿಲು ತೆರೆಯುವಂಥದ್ದಲ್ಲ. ಅವಳ ಮಂಚದ ಕೆಳಗೆ ಅರ್ಧಕ್ಕೆ ಬಿಟ್ಟ ಕತೆ ಪುಸ್ತಕಗಳ ರಾಶಿಯೇ ಇತ್ತು, ಪ್ರತಿಯೊಂದರ ಹೊಟ್ಟೆಯಲ್ಲೂ ಗುರುತಿಗೆ ಮಡಚಿದ ಒಂದು ಪುಟ.

"ಶುರು ಮಾಡೋದೇನೋ ಮಾಡ್ತೀಯ, ಒಂದನ್ನಾದ್ರೂ ಮುಗಿಸ್ತೀಯೇನೇ?" ಎಂದು ಕನ್ನಡಕದಕ್ಕ ಗುಡಿಸುವಾಗಲೆಲ್ಲ ರೇಗುತ್ತಿದ್ದಳು.

ಹೆಸರು ಕೊಡಲು ಇನ್ನು ಕೆಲವೇ ದಿನ ಉಳಿದಿರುವಾಗ ಒಂದು ಮಧ್ಯಾಹ್ನ ಪಿಳಿ ಪೆನ್ನು ಕೆಳಗಿಟ್ಟಳು.

"ಅಮ್ಮ, ಎರಡೂ ಬೇಡ ಬಿಡು. ಅಂಗಡೀಲೇ ಇರ್ತೀನಿ. ಫ್ರೇಮು ತೋರಿಸ್ಕೊಂಡು, ನಿಮಗೆ ತುಂಬಾ ಒಪ್ಪತ್ತೆ ಅಂತ ಸುಳ್ಳು ಹೇಳ್ಕೊಂಡು."

"ಯಾಕೇ ಹೀಗಂತೀಯ?"

"ನಂಗೆ ಓದು ತಲೆಗೆ ಹತ್ತಲ್ಲಮ್ಮ. ಆಸೆ ಇದೆ, ಆದ್ರೆ ಹತ್ತಲ್ಲ. ಒಪ್ಕೊಂಡ್ರೆ ಆಯ್ತಲ್ಲ, ಅದ್ರಲ್ಲೇನಿದೆ" ಎಂದು ಪಿಳಿ ನಕ್ಕಳು.

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ವಾದ ಮಾಡಿದ್ದರೆ ತಿರುಗಿ ವಾದಿಸಬಹುದಿತ್ತು. ಹುಟ್ಟಿದಾಗಿನಿಂದ ಯಾವ ಮಾತಿಗೂ ಸೋಲೊಪ್ಪದವಳು ಹೀಗೆ ಸಲೀಸಾಗಿ ಕೈಚೆಲ್ಲಿದ್ದನ್ನು ಕನ್ನಡಕದಕ್ಕನಿಗೆ ನೋಡಲಾಗಲಿಲ್ಲ. ಪರದೆ ಸರಿಸಿ ಅಂಗಡಿಗೆ ಬಂದು, ಯಾರೂ ಕೇಳದಿದ್ದರೂ ಗಾಜಿನ ಕಪಾಟು ಒರೆಸತೊಡಗಿದಳು. ಸ್ವಲ್ಪ ಹೊತ್ತಿಗೆ ಪಿಳಿಯೂ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದು ಕುರ್ಚಿಯ ಪಕ್ಕದ ಬೆಂಚಿನ ಮೇಲೆ ಕೂತಳು. ಅಮ್ಮನಿಗೆ ಬೇಸರ ಮಾಡಿದೆನೆಂದು ಅವಳಿಗೂ ಒಳಗೊಳಗೇ ಅನ್ನಿಸಿತ್ತು.

ಅದೇ ಹೊತ್ತಿಗೆ ಲಾರಿ ಮೀಸೆ ಒಳಗೆ ಬಂದ. ಆ ಲಾರಿ ಡ್ರೈವರನಿಗೆ ಮೀಸೆ ಮೊದಲು, ಮನುಷ್ಯ ಆಮೇಲೆ. ಲೈಸೆನ್ಸು ಹೊಸದು ಮಾಡಿಸಬೇಕಾಗಿತ್ತು, ಕಣ್ಣು ಸರಿಯಿದೆಯೆಂದು ಬರೆಸಿಕೊಂಡು ಹೋಗಬೇಕಾಗಿತ್ತು. ಕನ್ನಡಕ ಹಾಕಿದರೆ ಮೀಸೆಯ ಗತ್ತು ಹೋಗುತ್ತದೆ ಎಂಬುದು ಅವನ ದೊಡ್ಡ ಭಯ. ಹಿಂದಿನ ವಾರ ಗೆಳೆಯನ ಜೊತೆಗೆ ಬಂದು ಬೆಂಚಿನ ಮೇಲೆ ಕೂತು, ಹಲಗೆಯ ಕೊನೆಯ ಸಾಲನ್ನು ಉರು ಹೊಡೆದುಕೊಂಡು ಹೋಗಿದ್ದ. ಅವನ ತುಟಿ ಅಲ್ಲಾಡುತ್ತಿದ್ದುದನ್ನು ಕನ್ನಡಕದಕ್ಕ ಆವತ್ತೇ ಗಮನಿಸಿದ್ದಳು. ಇಂಥವರು ಬಹಳವಾದರೆಂದೇ ಅವಳು ಹೊಸ ಹಲಗೆ ತರಿಸಿದ್ದಳು. ನೋಡಲು ತದ್ವತ್ ಹಳೆಯದೇ. ಮೇಲಿನ ದಪ್ಪ ಅಕ್ಷರಗಳೂ ಅವೇ, ಕೆಳಗಿನ ಸಣ್ಣ ಸಾಲುಗಳು ಮಾತ್ರ ಬೇರೆ. ಬೆಳಿಗ್ಗೆ ಪಿಳಿ ಹೊರಗೆ ಹೋಗಿದ್ದಾಗ ಗಂಡ ಅದನ್ನು ಗೋಡೆಗೆ ತೂಗುಹಾಕಿದ್ದ.

ಮೀಸೆ ಕುರ್ಚಿಯಲ್ಲಿ ಠೀವಿಯಿಂದ ಕೂತ. ಕನ್ನಡಕದಕ್ಕ ಹಿಂದೆ ನಿಂತು, "ಕೊನೇ ಸಾಲು ಓದಿ" ಎಂದಳು.

"ಬ, ಚ, ವ, ಯ, ಎ!" ಎಂದು ಮೀಸೆ ಗುಂಡು ಹಾರಿಸಿದ ಹಾಗೆ ಹೇಳಿದ.

ಹೊಸ ಹಲಗೆಯ ಕೊನೆಯ ಸಾಲಿನಲ್ಲಿ ಇದ್ದದ್ದು ಹ, ತ, ಡ, ಕ, ಓ. ಕನ್ನಡಕದಕ್ಕನಿಗೆ ನಗು ಒತ್ತರಿಸಿಕೊಂಡು ಬಂತು. ಮಜ ಇನ್ನೊಂದಿಷ್ಟು ನಡೆಯಲಿ ಎಂದು ಗಂಭೀರವಾಗಿಯೇ, "ಇನ್ನೊಂದ್ಸಲ, ನಿಧಾನಕ್ಕೆ" ಎಂದಳು. ನಿಧಾನಕ್ಕೆ ಎಂದದ್ದೇ ಮೀಸೆಗೆ ತಾಳ ತಪ್ಪಿತು. "ಬ... ಚ..." ಎಂದು ತಡವರಿಸಿ ಕಕ್ಕಾಬಿಕ್ಕಿಯಾದ.

ಬೆಂಚಿನಲ್ಲಿದ್ದ ಪಿಳಿಗೆ ಅಯ್ಯೋ ಪಾಪ ಅನ್ನಿಸಿತು. ತಲೆಯೆತ್ತಿ ಹಲಗೆಯ ಕಡೆ ನೋಡಿ, "ವ, ಯ, ಎ" ಎಂದು ಪಿಸುಗುಟ್ಟಿದಳು.

"ವ, ಯ, ಎ!" ಎಂದ ಮೀಸೆ.

ಕನ್ನಡಕದಕ್ಕನ ನಗು ಅಲ್ಲಿಗೇ ನಿಂತಿತು. "ಪಿಳಿ, ನೀನು ಎಲ್ಲಿ ನೋಡಿ ಹೇಳಿದೆ?"

"ಹಲಗೆ ನೋಡಿನೇ. ಅಲ್ಲೇ ಇದೆಯಲ್ಲಮ್ಮ."

"ಕಾಣ್ತಾ ಇದೆಯಾ?"

"ಹೂಂ. ಬ, ಚ, ವ, ಯ, ಎ. ಯಾಕೆ?"

"ನೋಡಿದ್ರಾ ಅಕ್ಕ, ನಾನು ಹೇಳಿದ್ದನ್ನೇ ಮಗೂನೂ ಹೇಳ್ತಾ ಇದೆ!" ಎಂದು ಮೀಸೆ ಗೆದ್ದವನ ಹಾಗೆ ಮೀಸೆ ತೀಡಿದ.

ಆ ಸಾಲು ಕನ್ನಡಕದಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ತೊಟ್ಟಿಲಲ್ಲಿದ್ದ ಪಿಳಿಯನ್ನು ಗಂಡ ಮಲಗಿಸುತ್ತಿದ್ದುದು ಅದೇ ಸಾಲಿನಿಂದ. ಅವನಿಗೆ ಬೇರೆ ಜೋಗುಳ ಬರುತ್ತಿರಲಿಲ್ಲ. ಎದುರಿಗಿದ್ದ ಹಲಗೆಯನ್ನೇ ಮೇಲಿನಿಂದ ಕೆಳಗಿನವರೆಗೆ ರಾಗವಾಗಿ ಹಾಡುತ್ತಿದ್ದ. ಶಾಲೆಗೆ ಸೇರಿಸಿದ ಮೊದಲ ದಿನ ಟೀಚರು ಅಕ್ಷರಮಾಲೆ ಹೇಳು ಎಂದಾಗ ಪಿಳಿ ಅ ಆ ಇ ಈ ಬಿಟ್ಟು, ರ, ಗ, ಟ ಎಂದು ಶುರುಮಾಡಿ ಬ, ಚ, ವ, ಯ, ಎ ಎಂದು ಮುಗಿಸಿ ಕೈಕಟ್ಟಿ ನಿಂತಿದ್ದಳಂತೆ. ಮನೆಯವರೆಲ್ಲ ಅದನ್ನು ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಪ್ರತಿವರ್ಷ ಶಾಲೆ ಶುರುವಾಗುವ ಮುಂಚೆ ಅವಳು ಮಗಳನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಅದೇ ಹಲಗೆ ತೋರಿಸಿ, "ಓದೇ" ಎನ್ನುತ್ತಿದ್ದಳು. ಪಿಳಿ ಉಸಿರುಬಿಡದೆ ಒಪ್ಪಿಸುತ್ತಿದ್ದಳು. "ನನ್ನ ಮಗಳದ್ದು ಚಿನ್ನದಂಥ ಕಣ್ಣು" ಎಂದು ಅವಳು ಬೀಗುತ್ತಿದ್ದಳು.

ಯಾರೋ ಲಾರಿಯವನು ಒಂದು ಸಾಲು ಉರು ಹೊಡೆದದ್ದನ್ನು ಹಿಡಿದವಳಿಗೆ, ಸ್ವಂತ ಮಗಳು ಇಡೀ ಹಲಗೆಯನ್ನೇ ಜೋಗುಳದಲ್ಲಿ ಕುಡಿದು ಬೆಳೆದದ್ದು ಹೊಳೆದೇ ಇರಲಿಲ್ಲ.

"ಸ್ವಲ್ಪ ಏಳ್ತೀರಾ?" ಎಂದು ಮೀಸೆಯನ್ನು ಎಬ್ಬಿಸಿದಳು. "ಪಿಳಿ, ಬಾ ಇಲ್ಲಿ. ಕೂತ್ಕೋ."

"ನಾನಾ? ನನ್ನ ಕಣ್ಣಿಗೇನಾಗಿದೆ?"

"ಬಾ ಅಂದೆ."

ಮಗಳು ಕುರ್ಚಿಯಲ್ಲಿ ಕೂತಳು. ಕನ್ನಡಕದಕ್ಕ ಹಲಗೆಯ ಹತ್ತಿರ ಹೋಗಿ ಕೊನೆಯ ಸಾಲಿನ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. "ಹಾಡ್ಬೇಡ. ನೋಡಿ ಹೇಳು. ಇದು ಯಾವ ಅಕ್ಷರ?"

ಪಿಳಿ ಕತ್ತು ಓರೆ ಮಾಡಿದಳು, ಕಣ್ಣು ಕಿರಿದು ಮಾಡಿದಳು, ಪಿಳಿಪಿಳಿ ರೆಪ್ಪೆ ಬಡಿದಳು. "ಬ ಇರ್ಬೇಕಲ್ವಾ? ತಾಳು... ದುಂಡಗಿದೆ... ಅಮ್ಮ, ಅದು ಕಲಸಿಕೊಂಡಿದೆ. ಸಣ್ಣ ಅಕ್ಷರ ಎಲ್ಲಾರ್ಗೂ ಕಲಸಿಕೊಂಡೇ ತಾನೇ ಕಾಣೋದು?"

ಮೀಸೆಯ ಬಾಯಿ ತೆರೆದೇ ಉಳಿಯಿತು. "ಅಯ್ಯಯ್ಯೋ, ನಾನು ಮಾಡಿದ್ದನ್ನೇ ಮಗೂನೂ ಮಾಡಿದೆ" ಎಂದ, ಬಹಳ ಮರುಕದಿಂದ.

ಕನ್ನಡಕದಕ್ಕ ಗಾಜಿನ ಪೆಟ್ಟಿಗೆ ತೆರೆದು, ದುಂಡನೆಯ ಫ್ರೇಮನ್ನು ಮಗಳ ಮೂಗಿಗೆ ಏರಿಸಿ, ಎಂದಿನಂತೆ ಕುರ್ಚಿಯ ಹಿಂದೆ ಹೋಗಿ ನಿಂತಳು.

"ಒಂದಾ?" ಮಗುಚಿದಳು. "ಎರಡಾ?"

"ಯಾವುದು ಸರಿ ಉತ್ತರ ಅಮ್ಮ?"

"ನೀನೂ ಕೇಳಿದ್ಯಲ್ಲೇ ಅದನ್ನ! ಕೂತವ್ರೇ ಹೇಳ್ಬೇಕು ಅಂತ ಎಷ್ಟು ಸಲ ಕೇಳಿಸ್ಕೊಂಡಿದ್ದೀಯ?"

"ಎರಡು, ಎರಡು."

ಅವಳು ಗಾಜು ತಿರುಗಿಸಿದಳು, ಬದಲಿಸಿದಳು, ಮತ್ತೆ ತಿರುಗಿಸಿದಳು. ಚಕ್ರದ ಸದ್ದು ನಿಂತು ಗಂಡ ಪರದೆಯ ಬಳಿ ಬಂದ. ಅವನ ಬೆನ್ನ ಹಿಂದೆ ಅತ್ತೆಯೂ ಬಂದರು. ಮೀಸೆಯಂತೂ ಕ್ರಿಕೆಟ್ಟು ನೋಡುವವನ ಹಾಗೆ ಬೆಂಚಿನ ತುದಿಗೆ ಜರುಗಿ, ಪ್ರತಿ ಗಾಜಿಗೂ "ಈಗ? ಈಗ ಕಾಣ್ತಾ?" ಎಂದು ಕೇಳುತ್ತಿದ್ದ. ಒಂದು ಗಾಜು ಹಾಕಿ ಕೊಂಚ ಓರೆಗೆ ತಿರುಗಿಸಿದಾಗ ಪಿಳಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು.

"ಏನಾಯ್ತೇ?"

"ಹ" ಎಂದಳು ಪಿಳಿ. "ತ. ಡ. ಕ. ಓ. ಅಮ್ಮ, ಇದು ಬ ಚ ವ ಅಲ್ಲವೇ ಅಲ್ಲ! ಯಾರು ಬದಲಾಯಿಸಿದ್ದು?"

ಗಂಡ ಕೈಯೆತ್ತಿದ. ಮೀಸೆ ಚಪ್ಪಾಳೆ ತಟ್ಟಿದ.

ಇನ್ನೊಂದಿಷ್ಟು ಒಂದಾ-ಎರಡಾ ನಡೆದ ಮೇಲೆ ಪಿಳಿ ಹಿಂಜರಿಯುತ್ತ, "ಈಗ ಎರಡೂ ಒಂದೇ ಥರ ಕಾಣ್ತಿದೆ" ಎಂದಳು. ಹಾಗಾದ್ರೆ ಮುಗೀತು ಎಂದು ಕುರ್ಚಿ ತಟ್ಟಬೇಕಾದ ಕನ್ನಡಕದಕ್ಕ ತಟ್ಟಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಅಡ್ಡಗೆರೆ ಒಂದು ಥರ, ಉದ್ದಗೆರೆ ಇನ್ನೊಂದು ಥರ ಕಾಣುವ ನಂಬರು ಅದು. ದಿನಾ ಯಾರಿಗಾದರೂ ಅಂಥದ್ದು ಕೊಡುತ್ತಿದ್ದಳು. ಅಕ್ಷರದ ಮೇಲೆ ಕಣ್ಣು ನೆಟ್ಟಷ್ಟೂ ಹಣೆ ಸಿಡಿಯುತ್ತದೆ, ಸಾಲು ಸಾಲಿನ ಮೇಲೆ ಹತ್ತುತ್ತದೆ. ತಲೆಗೆ ಹತ್ತದೆ ಇದ್ದದ್ದು ಓದಲ್ಲ, ಕಣ್ಣಿಗೆ ಹತ್ತದೆ ಇದ್ದದ್ದು ಅಕ್ಷರ.

"ನಿನ್ನ ಹೆಸರಲ್ಲೇ ಇತ್ತಲ್ಲೇ" ಎಂದು ಅವಳು ಕಣ್ಣೊರೆಸಿಕೊಂಡಳು. "ದಿನಕ್ಕೆ ನೂರು ಸಲ ಪಿಳಿ ಪಿಳಿ ಅಂತ ಕೂಗ್ತಿದ್ದೆ. ಯಾಕೆ ಪಿಳಿಪಿಳಿ ಅಂತೀಯ ಅಂತ ಒಂದ್ಸಲಾನೂ ಕೇಳ್ಲಿಲ್ಲ. ಮೇಲಿಂದ, ಪುಸ್ತಕ ಮುಗಿಸಲ್ಲ ಅಂತ ಬೇರೆ ಬೈದೆ."

ಅಮ್ಮ ಅಳುವುದನ್ನು ಕಂಡು ಪಿಳಿ ಫ್ರೇಮು ಹಾಕಿಕೊಂಡೇ ಎದ್ದು, ಕುರ್ಚಿಯ ಬೆನ್ನಿಗೆ ಕೈಯೂರಿ ನ್ಯಾಯಾಧೀಶರ ಗತ್ತಿನಲ್ಲಿ ನಿಂತಳು. "ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ. ಆರೋಪಿಯ ಗಂಡ ಜೋಗುಳ ಹಾಡಿ ಸಹಾಯ ಮಾಡಿದ್ದಾನೆ. ಶಿಕ್ಷೆ ಏನಂದ್ರೆ, ಓದಾ ಓಟಾನಾ ಅನ್ನೋ ವಿಷಯದಲ್ಲಿ ಇಬ್ಬರೂ ಇನ್ಮೇಲೆ ತುಟಿ ಪಿಟಕ್ಕೆನ್ನೋ ಹಾಗಿಲ್ಲ."

"ಒಪ್ದೆ" ಎಂದ ಗಂಡ ತಕ್ಷಣ. ಅವನಿಗೆ ಆ ಜಗಳ ಸಾಕಾಗಿತ್ತು.

ಆವತ್ತು ಸಂಜೆಯೇ ಅವನು ಗಾಜು ಉಜ್ಜಿ ಕೂರಿಸಿದ. ಗಿರಾಕಿಗಳಿಗೆ ನಾಳೆ ಬನ್ನಿ ನಾಳಿದ್ದು ಬನ್ನಿ ಎನ್ನುವವನು, ಚಹಾ ಆರಿದ್ದೂ ತಿಳಿಯದೆ ಕೂತು ಮುಗಿಸಿದ. ಪಿಳಿ ಕನ್ನಡಕ ಹಾಕಿಕೊಂಡು ಎಲ್ಲರನ್ನೂ ಒಂದು ಸುತ್ತು ನೋಡಿದಳು. ಅಜ್ಜಿಯ ಹತ್ತಿರ ಬಗ್ಗಿ, "ಅಜ್ಜಿ, ನಿಂಗೆ ಮೀಸೆ ಇದೆ!" ಎಂದು ಕಿರುಚಿದಳು.

"ಏನಂದ್ಲು?" ಎಂದರು ಅತ್ತೆ.

"ಚೆನ್ನಾಗಿ ಕಾಣ್ತೀರಂತೆ!" ಎಂದಳು ಸೊಸೆ.

ಲಾರಿ ಮೀಸೆಗೂ ಕನ್ನಡಕ ಬಂತು. ಕನ್ನಡಿಯಲ್ಲಿ ನೋಡಿಕೊಂಡು, ಮೊದಲು ಮೀಸೆ ಇಷ್ಟು ದಪ್ಪಗೆ ಕಾಣುತ್ತಲೇ ಇರಲಿಲ್ಲವೆಂದು ಸಂತೋಷಪಟ್ಟು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಯಾವ ಪರೀಕ್ಷೆ ಬರೆದ್ರೂ ಉರು ಮಾತ್ರ ಹೊಡೀಬೇಡಮ್ಮ" ಎಂದು ಪಿಳಿಗೆ ಬುದ್ಧಿ ಹೇಳಿದ.

ಮುಂದಿನ ದಿನಗಳಲ್ಲಿ ಪಿಳಿ ಎರಡೂ ಬಗೆಯ ಮಾದರಿ ಪತ್ರಿಕೆ ಬರೆದಳು. ಬಾಗಿಲು ಹಾಕಿಕೊಂಡು ಕೂರುವಳು, ಮುಗಿಸಿ ಎದ್ದು ಬರುವಳು, ಏನೂ ಹೇಳಳು. ಕನ್ನಡಕದಕ್ಕ ಕೇಳುವ ಹಾಗಿರಲಿಲ್ಲ. ಅಂಗಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಡಿಗೆ ತಿರುಗುತ್ತಿದ್ದಳು. ಅವಳ ಮನಸ್ಸೆಲ್ಲ ಓದಿನ ಮೇಲೆ. ಮಗಳು ಓಟ ಎಂದುಬಿಟ್ಟರೆ, ಇನ್ನೂ ಓದಿಗೆ ಹೆದರಿದ್ದಾಳೆಂದೇ ಅರ್ಥ, ಅಷ್ಟು ವರ್ಷದ ಕಲಸಿಹೋದ ಅಕ್ಷರ ಒಳಗೆ ಹಾಗೇ ಉಳಿದುಬಿಟ್ಟಿದೆ ಎಂದೇ ಅರ್ಥ ಅನ್ನಿಸುತ್ತಿತ್ತು. ಅದನ್ನು ಸರಿಪಡಿಸುವ ಗಾಜು ಅವಳ ಪೆಟ್ಟಿಗೆಯಲ್ಲಿ ಇರಲಿಲ್ಲ.

ಹೆಸರು ಕೊಡುವ ಕೊನೆಯ ದಿನ ಬಂತು. ಸಂಜೆ ಅಂಗಡಿಯ ಕಂಪ್ಯೂಟರಿನ ಮುಂದೆ ಪಿಳಿ ಕೂತಳು. ಪರದೆಯ ಮೇಲೆ ಎರಡು ಪರೀಕ್ಷೆಗಳ ಹೆಸರು, ಒಂದರ ಪಕ್ಕ ಒಂದು. ಗಂಡ, ಅತ್ತೆ ಸುತ್ತ ನಿಂತರು.

"ಅಂಕ ಎಷ್ಟೆಷ್ಟು ಬಂತು ಅಂತಾದ್ರೂ ಹೇಳ್ಬಹುದಾ ನ್ಯಾಯಾಧೀಶ್ರೇ?" ಎಂದ ಗಂಡ.

"ಎರಡೂ ಒಂದೇ ಅಪ್ಪ. ಎರಡ್ರಲ್ಲೂ ಕಾಲೇಜಿಗೆ ಸಾಕಾಗೋಷ್ಟು ಬಂದಿದೆ."

"ಹಾಗಾದ್ರೆ ಮುಗೀತು!" ಎಂದು ಕನ್ನಡಕದಕ್ಕ ಅಭ್ಯಾಸಬಲದಿಂದ ಕುರ್ಚಿ ತಟ್ಟಿಯೇಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಎಲ್ಲಿ ಮುಗಿಯಿತು? ಇನ್ನೂ ಆರಿಸಬೇಕಲ್ಲ.

ಪಿಳಿ ತಿರುಗಿ ನೋಡಿದಳು. "ಶಿಕ್ಷೆ ಈಗ ಮಾಫಿ. ನೀನು ಹೇಳಮ್ಮ, ಯಾವುದು?"

ಓದು ಎಂಬ ಮಾತು ಕನ್ನಡಕದಕ್ಕನ ತುಟಿಯ ತುದಿಗೆ ಬಂದು ನಿಂತಿತ್ತು. ಒಂದು ಸಲ ಉಸುರಿದ್ದರೆ ಸಾಕಿತ್ತು, ಮಗಳು ಅದನ್ನೇ ಒತ್ತುತ್ತಿದ್ದಳು. ಆದರೆ ಅವಳು ಹಾಗೆ ಮುಖ ನೋಡಿ ಹೇಳಿದ ಉತ್ತರಗಳನ್ನು ಜೀವಮಾನವೆಲ್ಲ ಕಂಡವಳು. ತನ್ನ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಕಣ್ಣುಜ್ಜಿಕೊಂಡು, ಮಗಳ ಕುರ್ಚಿಯ ಹಿಂದೆ ಹೋಗಿ ನಿಂತಳು.

"ಕೂತವ್ರೇ ಹೇಳ್ಬೇಕು" ಎಂದಳು. "ಒಂದಾ, ಎರಡಾ?"

ಪಿಳಿಯ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಆಮೇಲೆ ಟಕ್ ಎಂದಿತು. ಕನ್ನಡಕದಕ್ಕ ಬಗ್ಗಿ ನೋಡಿದರೆ ಪರದೆಯೆಲ್ಲ ಮಸಕು ಮಸಕು.

"ಯಾವುದೇ ಅದು?"

"ಓದಮ್ಮ."

"ಎಲ್ಲಿಂದ ಓದ್ಲಿ, ನನ್ನ ಕನ್ನಡಕ ಎಲ್ಲೋ ಇಟ್ಟಿದ್ದೀನಿ ಕಣೆ, ಏನೂ ಕಾಣ್ತಾ ಇಲ್ಲ" ಎಂದು ಅವಳು ಮೇಜೆಲ್ಲ ತಡಕಾಡತೊಡಗಿದಳು. "ಏನ್ರೀ, ನನ್ನ ಕನ್ನಡಕ ನೋಡಿದ್ರಾ? ಯಾವುದೇ ಪಿಳಿ, ಬಾಯಿಬಿಟ್ಟು ಹೇಳಬಾರ್ದಾ?"

"ಓದು ಅಮ್ಮ!"

"ಅದೇ, ಕನ್ನಡಕ ಇಲ್ದೆ ಹ್ಯಾಗೇ ಓದ್ಲಿ?"

"ಅಯ್ಯೋ ದೇವ್ರೇ! ಅಮ್ಮ, ನಾನು ಒತ್ತಿದ್ದು ಓದು! ಓದಿನ ಪರೀಕ್ಷೆ! ಕನ್ನಡಕ ನಿನ್ನ ತಲೆ ಮೇಲೇ ಇದೆ!"

ಕನ್ನಡಕದಕ್ಕ ತಲೆ ಮುಟ್ಟಿ ನೋಡಿಕೊಂಡಳು. ಗಂಡ ನಕ್ಕು ನಕ್ಕು ಮೇಜಿಗೆ ಒರಗಿದ. ಅವಳು ಕನ್ನಡಕ ಇಳಿಸಿಕೊಂಡು ನೋಡಿದರೆ ಅಲ್ಲಿ ಓದೇ ಇತ್ತು, ಸ್ಪಷ್ಟವಾಗಿ. ಆದರೂ ಅವಳ ಕಸುಬಿನ ಸಂಶಯ ಬಿಡಲಿಲ್ಲ.

"ನನ್ನ ಖುಷಿಗೆ ಒತ್ತಿದ್ಯೇನೇ?"

"ಹಿಂದೆ ನಿಂತಿದ್ಯಲ್ಲ, ನಿನ್ನ ಮುಖ ಎಲ್ಲಿ ಕಾಣ್ತಿತ್ತು ನಂಗೆ?" ಎಂದಳು ಪಿಳಿ. ಆಮೇಲೆ ದನಿ ತಗ್ಗಿಸಿ, "ಅಮ್ಮ, ಆ ಪತ್ರಿಕೇಲಿ ಕೊನೇಗೆ ಒಂದು ಕತೆ ಇರತ್ತೆ, ಗೊತ್ತಾ? ಪ್ರತಿಯೊಂದ್ರಲ್ಲೂ ಇರತ್ತಂತೆ. ನಾನು ಅಲ್ಲೀವರ್ಗೂ ಹೋಗೇ ಇರ್ಲಿಲ್ಲ. ಈ ವಾರಾನೇ ಮೊದಲ್ನೇ ಸಲ ಓದಿದ್ದು. ಓಟ ಬರೆದ್ರೂ ಸೀಟು ಸಿಗ್ಬಹುದು. ಆದ್ರೆ ನಂಗೆ ಕೊನೇ ಪುಟದವರ್ಗೂ ಹೋಗ್ಬೇಕು" ಎಂದಳು.

ಕನ್ನಡಕದಕ್ಕ ಮಗಳನ್ನು ಕುರ್ಚಿ ಸಮೇತ ತಬ್ಬಿಕೊಂಡಳು.

"ಓಟ ತಾನೇ?" ಎಂದರು ಅತ್ತೆ, ಎಲ್ಲರ ಮುಖ ನೋಡುತ್ತ.

"ಓದು ಅತ್ತೆ, ಓದು!"

"ಹೂಂ, ಓಡ್ಲಿ ಓಡ್ಲಿ, ಚೆನ್ನಾಗಿ ಓಡ್ಲಿ" ಎಂದು ಅತ್ತೆ ಮೊಟ್ಟೆ ಬೇಯಿಸಲು ಒಳಗೆ ಹೋದರು.

ಆ ರಾತ್ರಿಯಿಂದ ಮಂಚದ ಕೆಳಗಿನ ರಾಶಿ ಕರಗತೊಡಗಿತು. ಮಡಚಿದ ಪುಟಗಳು ಒಂದೊಂದಾಗಿ ನೆಟ್ಟಗಾದವು. ಸೀಟು ಸಿಕ್ಕಿತಾ ಎಂದು ಕೇಳುವವರು ಒಂದು ಸಲ ಆ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತರೆ ಸಾಕು. ಕನ್ನಡಕದಕ್ಕ ಹಿಂದೆ ನಿಂತು ಒಂದಾ ಎರಡಾ ಎನ್ನುವ ಮೊದಲೇ, ಕಾನೂನು ಕಾಲೇಜಿನಲ್ಲಿ ಮಗಳು ಯಾವ ಯಾವ ಮೇಷ್ಟರ ಜೊತೆ ವಾದ ಮಾಡಿದಳೆಂದು ಹೇಳಿಬಿಡುತ್ತಾಳೆ.